ಹೆಂಚಿನ ಮೇಲೆ ಹೊಗೆಯಿಲ್ಲ

ಶ್ರೀನಿವಾಸಪುರದ ಬೆಲ್ಲದ ವ್ಯಾಪಾರಿ ಗಂಗುಲಪ್ಪನವರು ಕೈ ಹಾಕಿದ ಕೆಲಸಗಳಲ್ಲಿ ಪೂರ್ತಿಯಾಗಿ ಗೆದ್ದದ್ದು ಒಂದೇ ಒಂದು. ಅವರ ಮಾನ ಬೀದಿಗೆ ಬಂದದ್ದೂ ಅದರಿಂದಲೇ. ಸೋತ ಕೆಲಸಗಳು ಪಾಪ, ಅವರಿಗೆ ಅಷ್ಟು ತೊಂದರೆ ಕೊಟ್ಟಿರಲಿಲ್ಲ. ಇಲಿ ಹಿಡಿಯಲು ಅವರು ಮಾಡಿದ ಪೆಟ್ಟಿಗೆಯಲ್ಲಿ ಅವರದೇ ಹೆಬ್ಬೆರಳು ಸಿಕ್ಕಿಕೊಂಡಿತ್ತು. ಬೆಲ್ಲಕ್ಕೆ ಇರುವೆ ಬಾರದಿರಲೆಂದು ಅಂಗಡಿಯ ಸುತ್ತ ತೋಡಿಸಿದ ನೀರಿನ ಕಾಲುವೆಗೆ ಇರುವೆಗಳ ಬದಲು ಗಿರಾಕಿಗಳು ಬಿದ್ದಿದ್ದರು. ನಮ್ಮ ಬೀದಿ ಇದಕ್ಕೆಲ್ಲ ಹೊಟ್ಟೆ ತುಂಬ ನಕ್ಕು ಮರೆತಿತ್ತು. ಗಂಗುಲಪ್ಪನವರು ಮರೆತಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬೆಂಕಿಪೊಟ್ಟಣ ಕಂಡರೆ ಜನ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಪೆಟ್ರೋಲಿಲ್ಲದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿದ್ದವು. ಅಂಥ ಒಂದು ಬಸ್ಸಿನಲ್ಲಿ ಬೆಂಗಳೂರಿಗೆ ಹೋದ ಗಂಗುಲಪ್ಪನವರು ಬಿಸಿಲು ತಾಳಲಾರದೆ ಯಾವುದೋ ವಸ್ತುಪ್ರದರ್ಶನದ ಡೇರೆಯೊಳಗೆ ನುಗ್ಗಿದರು. ಅಲ್ಲಿ ಖಾದಿ ತೊಟ್ಟವರೊಬ್ಬರು ಮಣ್ಣಿನ ಒಲೆಯೊಂದನ್ನು ಮುಂದಿಟ್ಟುಕೊಂಡು ಭಾಷಣ ಮಾಡುತ್ತಿದ್ದರು. ಒಲೆ ಧಗಧಗ ಉರಿಯುತ್ತಿತ್ತು. ಡೇರೆಯೊಳಗೆ ಹೊಗೆಯ ಸುಳಿವೇ ಇರಲಿಲ್ಲ. ಒಲೆಯ ಹಿಂಬದಿಯಿಂದ ಹೊರಟ ಸುಟ್ಟ ಮಣ್ಣಿನ ಕೊಳವೆಯೊಂದು ಹೊಗೆಯನ್ನೆಲ್ಲ ಹೀರಿಕೊಂಡು ಡೇರೆಯ ಆಚೆಗೆ ಬಿಡುತ್ತಿತ್ತು. ಗಂಗುಲಪ್ಪನವರು ಭಾಷಣ ಮುಗಿಯುವವರೆಗೂ ನಿಂತು ಕೇಳಿದರು, ಮತ್ತೆ ಮೊದಲಿನಿಂದ ಕೇಳಿದರು, ಕೊನೆಗೆ ಛತ್ರಿಯನ್ನು ಅಲ್ಲೇ ಮರೆತು ಊರಿಗೆ ಬಂದರು.

"ಶಾಮಲಾ, ಆ ಒಲೆ ಒಡೀಬೇಕು ಕಣೇ" ಎಂದರು ಹೊಸ್ತಿಲು ದಾಟುತ್ತಲೇ.

ಅವರ ಹೆಂಡತಿ ಶಾಮಲಮ್ಮ ಊದುಗೊಳವೆಯನ್ನು ಕೆಳಗಿಟ್ಟು, ಹೊಗೆಗೆ ಕೆಂಪಾದ ಕಣ್ಣುಗಳಿಂದ ಗಂಡನನ್ನು ನೋಡಿದರು. "ಶುಕ್ರವಾರ ಮಾಲೂರಿನವರು ಹೆಣ್ಣು ನೋಡೋಕೆ ಬರ್ತಾವ್ರೆ. ಒಲೆ ಒಡೆದು ಅವ್ರಿಗೇನು ನಿಮ್ಮ ತಲೆ ಬೇಯಿಸಿ ಬಡಿಸ್ಲಾ?"

"ಅವರು ಬರೋದ್ರೊಳಗೆ ಹೊಸ ಒಲೆ ಎದ್ದಿರ್ತದೆ. ಮಾಲೂರಿನ ಮುನಿರಾಮಪ್ಪ ಇಟ್ಟಿಗೆ ಗೂಡು ಸುಡೋ ಮನುಷ್ಯ ಕಣೇ. ಬೆಂಕಿ ಹೊಗೆ ಅಂದ್ರೆ ಏನು ಅಂತ ಗೊತ್ತಿರೋನು. ಇಂಥಾ ಒಲೆ ನೋಡಿದ್ರೆ ಬೆರಗಾಗಿ ನಿಂತಲ್ಲೇ ತಾಂಬೂಲ ಬದಲಾಯಿಸ್ತಾನೆ."

"ಓರೀ ಗಂಗುಲೂ" ಎಂದು ಅಡಿಗೆಮನೆಯ ಮೂಲೆಯಿಂದ ಒಂದು ದನಿ ಬಂತು. "ನಾನು ಸತ್ತ ಮೇಲೆ ಏನ್ ಬೇಕಾದ್ರೂ ಒಡ್ಕೊಳ್ರಾ. ಒಲೆ ಪಕ್ಕ ಬೆಚ್ಚಗೆ ಮಲಗಿದೀನಿ, ನನ್ನ ಎಬ್ಬಿಸ್ಬೇಡ."

ಆ ದನಿ ಮುತ್ಯಾಲಮ್ಮನವರದು. ಗಂಗುಲಪ್ಪನವರ ಸೋದರತ್ತೆ. ವಯಸ್ಸು ಎಷ್ಟೆಂದು ಅವರಿಗೂ ಗೊತ್ತಿಲ್ಲ, ಕೇಳುವ ಧೈರ್ಯ ಇನ್ನೊಬ್ಬರಿಗಿಲ್ಲ. ಈ ಮುತ್ಯಾಲಮ್ಮನವರ ಕೆಮ್ಮಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಬೆಳಗಿನ ಜಾವ ಶಾಮಲಮ್ಮ ಒಲೆ ಹೊತ್ತಿಸಿದ ಕೂಡಲೇ ಹೊಗೆ ಏಳುತ್ತಿತ್ತು. ಹೊಗೆ ಎದ್ದ ಕೂಡಲೇ ಮುತ್ಯಾಲಮ್ಮ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ನಮ್ಮ ಬೀದಿ ಇಡೀ ಹಾಸಿಗೆಯಿಂದ ಏಳುತ್ತಿತ್ತು. ಆಮೇಲೆ ಎದುರುಮನೆಯ ಅಂಜಮ್ಮ ಬಾಗಿಲು ತೆರೆದು, ಗಂಗುಲಪ್ಪನವರ ಮನೆಯ ಹೆಂಚಿನ ಸಂದುಗಳಿಂದ ಹೊಗೆ ಬರುತ್ತಿದೆಯೇ ಎಂದು ನೋಡಿ, ತೆಂಗಿನ ಚಿಪ್ಪು ಹಿಡಿದುಕೊಂಡು ಕೆಂಡಕ್ಕೆ ಬರುತ್ತಿದ್ದರು. ಬೆಂಕಿಕಡ್ಡಿ ಗೀರುವುದು ದುಂದುಗಾರಿಕೆ ಎನಿಸಿಕೊಂಡಿದ್ದ ಆ ಕಾಲದಲ್ಲಿ ಒಂದು ಮನೆಯ ಒಲೆಯಿಂದ ಇನ್ನೊಂದು ಮನೆಗೆ ಬೆಂಕಿ ಹೋಗುತ್ತಿತ್ತು, ಜೊತೆಯಲ್ಲಿ ಸುದ್ದಿಯೂ.

ಮುತ್ಯಾಲಮ್ಮನವರು ಬೇಡವೆಂದರೂ ಒಲೆ ಒಡೆಯಿತು. ಗಂಗುಲಪ್ಪನವರು ಗಾರೆ ಕೆಲಸದ ಬುಡನ್ ಸಾಬರನ್ನು ಕರೆಸಿದರು. ಬುಡನ್ ಸಾಬರು ಮನೆ, ಬಾವಿಕಟ್ಟೆ, ಗೋರಿ, ಸಮಾಧಿ ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಕಟ್ಟುವವರು; ಒಲೆ ಕಟ್ಟಿದವರಲ್ಲ.

"ಕ್ಯಾ ಗಂಗುಲಪ್ಪಾ, ಒಂದು ಒಲೆಗೆ ಯಾಕೆ ಬಾಗ್ಲು ಹಾಕ್ಕೊಂಡು ಕೆಲ್ಸ? ಕಳ್ಳ ನಾಣ್ಯ ಅಚ್ಚು ಹಾಕ್ತಾ ಇದೀವಾ?"

"ಸಾಬ್ರೇ, ಇಲಿಪೆಟ್ಟಿಗೆ ವಿಷಯದಲ್ಲಿ ಈ ಬೀದಿ ನಕ್ಕಿದ್ದು ಇನ್ನೂ ನನ್ನ ಕಿವೀಲಿದೆ. ಮಾಲೂರಿನವರ ಎದುರಿಗೇ ಒಲೆ ತೋರಿಸ್ತೀನಿ. ಆಗ ಇವರೆಲ್ಲ ಬಾಯಿ ಬಿಟ್ಕೊಂಡು ನೋಡ್ಬೇಕು. ಅಲ್ಲೀವರೆಗೆ ಯಾರಿಗೂ ಒಂದು ಮಾತು ಹೊರಗೆ ಬಿಡಬಾರದು."

ಹೀಗೆ ಬಾಗಿಲು ಮುಚ್ಚಿತು. ಬೀದಿಯವರು ಕಂಡದ್ದು ಇಷ್ಟೇ: ಬುಡನ್ ಸಾಬರು ಬೆಳಿಗ್ಗೆ ಒಳಗೆ ಹೋಗುತ್ತಿದ್ದರು, ಸಂಜೆ ಮಣ್ಣಾದ ಕೈಗಳೊಂದಿಗೆ ಹೊರಗೆ ಬರುತ್ತಿದ್ದರು, ಏನು ಕೆಲಸವೆಂದು ಕೇಳಿದರೆ ಆಕಾಶ ನೋಡುತ್ತಿದ್ದರು. ಹೊಗೆಯ ಕೊಳವೆಯನ್ನು ಹಿತ್ತಲ ಗೋಡೆಯಿಂದ ಹೊರಕ್ಕೆ ತೆಗೆದು ಹುಣಸೆಮರದ ಮರೆಯಲ್ಲಿ ಮೇಲಕ್ಕೆ ಏರಿಸಿದ್ದರಿಂದ ಅದೂ ಯಾರ ಕಣ್ಣಿಗೂ ಬೀಳಲಿಲ್ಲ. ಮುತ್ಯಾಲಮ್ಮನವರನ್ನು ಮಂಚದ ಸಮೇತ ಹಿತ್ತಲಿನ ದನದ ಕೊಟ್ಟಿಗೆಗೆ ಸಾಗಿಸಲಾಯಿತು. ಅವರು ಹೋಗುವಾಗ ಬೈದ ಬೈಗುಳಗಳಲ್ಲಿ ಅರ್ಧ ತೆಲುಗಿನಲ್ಲಿದ್ದುದರಿಂದ ಬುಡನ್ ಸಾಬರು ಅರ್ಧಕ್ಕೆ ಮಾತ್ರ ನೊಂದುಕೊಂಡರು. ಹೊಸ ಒಲೆ ಏಳುವವರೆಗೆ ಶಾಮಲಮ್ಮ ನಡುಮನೆಯಲ್ಲಿ ಮೂರು ಕಲ್ಲು ಹೂಡಿ ಬೇಯಿಸಿ, ಅಂಜಮ್ಮನ ಕೆಂಡವನ್ನು ಬಾಗಿಲ ಸಂದಿನಲ್ಲೇ ಕೊಡುತ್ತಿದ್ದರು; ಹೆಂಚಿನ ಹೊಗೆಯೂ, ಕೊಟ್ಟಿಗೆಗೆ ತಲುಪಿದ ಹೊಗೆಗೆ ಮುತ್ಯಾಲಮ್ಮನವರ ಕೆಮ್ಮೂ ನಿಂತಿರಲಿಲ್ಲ.

ಇದರ ನಡುವೆ ಮಗಳು ಆದಿಲಕ್ಷ್ಮಿಯ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮುಳಬಾಗಿಲಿನ ಒಂದು ಮದುವೆಯಲ್ಲಿ ಮುನಿರಾಮಪ್ಪನವರ ಮಗ ಕದಿರೇಶ ಅವಳ ಎಲೆಗೆ ಪಾಯಸ ಬಡಿಸಿದ್ದ. ಸೌಟು ಎತ್ತುವುದನ್ನು ಮರೆತು ಎಲೆಯಾಚೆಗೂ ಹರಿಸಿದ್ದ. ಅವತ್ತಿನಿಂದ ಆದಿಲಕ್ಷ್ಮಿ ತೊಳೆದ ತಟ್ಟೆಯನ್ನೇ ತಿರುಗಿ ತೊಳೆಯುತ್ತಿದ್ದಳು. ಅವನ ಅಪ್ಪ ಮಾತ್ರ ಗಟ್ಟಿಯ ಮನುಷ್ಯ. ಮಗನ ಮದುವೆ ಈ ವರ್ಷವೇ ಆಗಬೇಕು, ಇಲ್ಲಿ ಆಗದಿದ್ದರೆ ವಕ್ಕಲೇರಿಯ ಹುಡುಗಿ ಇದ್ದಾಳೆ ಎಂದು ಮೊದಲೇ ಹೇಳಿ ಕಳಿಸಿದ್ದರು.

ಶುಕ್ರವಾರ ಬೆಳಗಿನ ಜಾವ ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಗಂಗುಲಪ್ಪನವರು ಹೆಂಡತಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಭಾಷಣ ಶುರುಮಾಡಿದರು.

"ಒಲೆ ಅನ್ನೋದು ಮನುಷ್ಯ ಇದ್ದಂಗೆ. ಕೆಳಗಿಂದ ಉಸಿರು ತಗೋಬೇಕು, ಮೇಲಿಂದ ಉಸಿರು ಬಿಡಬೇಕು. ಬೂದಿ ತುಂಬಿಟ್ರೆ ಉಸಿರು ಕಟ್ತದೆ. ಹಸಿ ಸೌದೆ ತುರುಕಿದ್ರೆ ಅಜೀರ್ಣ. ಮೊದಲು ಈ ತಗಡಿನ ಬಾಗಿಲು ತೆಗೀಬೇಕು. ಆಮೇಲೆ ಒಂದು ಹಿಡಿ ಒಣ ತೆಂಗಿನ ಗರಿ ಹಚ್ಚಿ ಕೊಳವೆ ಬಾಯಲ್ಲಿ ಹಿಡೀಬೇಕು. ಕೊಳವೆ ಬೆಚ್ಚಗಾದ್ರೆ ತಾನೇ ಹೊಗೇನ ಎಳ್ಕೊಳ್ತದೆ. ಪುಳ್ಳೆ ಮೊದಲು, ಸೀಳಿದ ಸೌದೆ ಆಮೇಲೆ, ನಡುವೆ ಗಾಳಿಗೆ ಸಂದು. ಎಲ್ಲಕ್ಕಿಂತ ದೊಡ್ಡ ಮಾತು, ಕೊಳವೆ ಯಾವತ್ತೂ ಮುಚ್ಚಬಾರದು. ಮುಚ್ಚಿದ್ರೆ ಕೆಟ್ಟ ಗಾಳಿ ತುಂಬ್ಕೊಂಡು ಮನೆಯೋರೆಲ್ಲ ಮಲಗಿದಲ್ಲೇ ಗೊಟಕ್. ಬೆಂಗಳೂರಲ್ಲಿ ಹೇಳಿದಾರೆ. ಕೊಳವೆ ಮುಚ್ಚೋನು ಮನುಷ್ಯನೇ ಅಲ್ಲ."

ಇಷ್ಟನ್ನೂ ಹೇಳಿ, ಹೇಳಿದಂತೆಯೇ ಮಾಡಿದರು. ಒಲೆ ಹೊತ್ತಿತು. ಗರಿಯ ಹೊಗೆ ಒಂದು ಕ್ಷಣ ಅತ್ತ ಇತ್ತ ನೋಡಿ, ವಿಧೇಯವಾಗಿ ಕೊಳವೆಯೊಳಗೆ ನುಸುಳಿ ಹೊರಟುಹೋಯಿತು. ಶಾಮಲಮ್ಮ ಅಭ್ಯಾಸಬಲದಿಂದ ಊದುಗೊಳವೆ ಎತ್ತಿಕೊಂಡರು. ಊದಲು ಏನೂ ಇರಲಿಲ್ಲ. ಸುತ್ತ ಕಣ್ಣಾಡಿಸಿದರು.

"ರೀ, ಎದುರುಗೋಡೆ ಕಾಣ್ತಿದೆ!"

"ಗೋಡೆ ಮೊದಲಿಂದಾನೂ ಅಲ್ಲೇ ಇತ್ತಲ್ಲೇ."

"ಆ ಮೂಲೇಲಿ ಒಂದು ಗೂಡು ಇದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು" ಎಂದರು ಶಾಮಲಮ್ಮ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಗಂಡನನ್ನು ಅವರು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು. ಗಂಗುಲಪ್ಪನವರು ನಾಚಿಕೊಂಡು ಮೀಸೆ ಮುಟ್ಟಿಕೊಂಡರು. ಹಿತ್ತಲ ಕೊಟ್ಟಿಗೆಯಲ್ಲಿ ಮುತ್ಯಾಲಮ್ಮನವರು ಹೊಗೆಯಿಲ್ಲದ ಗಾಳಿ ಕುಡಿಯುತ್ತ, ಕೆಮ್ಮದೆ, ಹೊತ್ತು ಮೂಡಿದ ಮೇಲೂ ಗೊರಕೆ ಹೊಡೆಯುತ್ತಿದ್ದರು.

ಇತ್ತ ಬೀದಿಯಲ್ಲಿ ಬೆಳಗೇ ಆಗಲಿಲ್ಲ. ಸೂರ್ಯ ಬಂದಿದ್ದ, ಕೆಮ್ಮು ಬಂದಿರಲಿಲ್ಲ. ಹೊತ್ತು ಮೀರಿ ಎದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಜಮ್ಮ ಕೆಂಡದ ಚಿಪ್ಪು ಹಿಡಿದು ಬಾಗಿಲಿಗೆ ಬಂದು ಎದುರುಮನೆಯ ಹೆಂಚು ನೋಡಿದರು. ಹೊಗೆಯಿಲ್ಲ. ಒಳಗೆ ಹೋಗಿ ಕಸ ಗುಡಿಸಿ ಬಂದು ನೋಡಿದರು. ಹೊಗೆಯಿಲ್ಲ. ಬಾಗಿಲು ಮುಚ್ಚಿದೆ.

"ರೀ, ಗಂಗುಲಪ್ಪನ ಮನೇಲಿ ಒಲೆ ಹಚ್ಚಿಲ್ಲ" ಎಂದು ಗಂಡನನ್ನು ಎಬ್ಬಿಸಿದರು.

ನಮ್ಮ ಕಡೆ ಒಂದು ಮನೆಯಲ್ಲಿ ಬೆಳಿಗ್ಗೆ ಒಲೆ ಹಚ್ಚಿಲ್ಲವೆಂದರೆ ಅರ್ಥ ಒಂದೇ. ಸಾವಾದ ಮನೆಯಲ್ಲಿ ಹೆಣ ಎತ್ತುವವರೆಗೆ ಒಲೆ ಹೊತ್ತಿಸುವುದಿಲ್ಲ. ಅಕ್ಕಪಕ್ಕದವರೇ ಬೇಯಿಸಿ ತಂದುಕೊಡಬೇಕು. ಅಂಜಮ್ಮನ ಗಂಡ ಹಾಸಿಗೆಯಲ್ಲೇ ಎದ್ದು ಕುಳಿತು ಲೆಕ್ಕ ಹಾಕಿದರು. ಹೊಗೆ ಇಲ್ಲ. ಕೆಮ್ಮು ಇಲ್ಲ. ಬುಡನ್ ಸಾಬರು ಬಾಗಿಲು ಹಾಕಿಕೊಂಡು ಏನನ್ನೋ ಕಟ್ಟುತ್ತಿದ್ದರು.

"ಅಯ್ಯೋ ದೇವುಡಾ, ಮುದುಕಿಗೆ ಮೊದಲೇ ಸೀರಿಯಸ್ ಆಗಿತ್ತು. ಸಮಾಧಿಗೆ ಇಟ್ಟಿಗೆ ಕೂಡಾ ರೆಡಿ ಮಾಡ್ಸವ್ನೆ. ಹೆಣ್ಣು ನೋಡೋರು ಬರೋ ದಿನಾನೇ ಹೋಗ್ಬಿಟ್ಳಲ್ಲೇ!"

ಅಂಜಮ್ಮನ ಗಂಡ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಮ್ಮನೆ ಮಲಗಿರುತ್ತಿದ್ದರು. ಒಳ್ಳೆಯವರಾದ್ದರಿಂದ ಪಂಚೆ ಬಿಗಿದುಕೊಂಡು ಬಸ್ ನಿಲ್ದಾಣಕ್ಕೆ ಓಡಿ, ಕೋಲಾರಕ್ಕೆ ಹೊರಟಿದ್ದ ಇದ್ದಿಲು ಬಸ್ಸಿನ ಕಂಡಕ್ಟರಿಗೆ ವಿಷಯ ತಿಳಿಸಿದರು: ಮಾಲೂರಿನ ಮುನಿರಾಮಪ್ಪ ಅಂತ ಕೋಲಾರದಲ್ಲಿ ಬಸ್ಸು ಬದಲಾಯಿಸುತ್ತಾರೆ, ಶುಭಕಾರ್ಯಕ್ಕೆಂದು ಬಂದು ಸಾವಿನ ಮನೆಗೆ ಕಾಲಿಡುವುದು ಬೇಡ, ಹೇಳಿಬಿಡು. ಬಸ್ಸು ಕೆಮ್ಮುತ್ತ ಹೊರಟಿತು.

ಅಷ್ಟು ಹೊತ್ತಿಗೆ ಬೀದಿಯ ಹಿರಿಯರು ಹೆಗಲ ಮೇಲೆ ಟವೆಲ್ಲು ಹೊದ್ದು ಒಬ್ಬೊಬ್ಬರಾಗಿ ಗಂಗುಲಪ್ಪನವರ ಜಗಲಿಗೆ ಬರತೊಡಗಿದರು. ಸಾವಿನ ಮನೆಗೆ ಹೋದವರು ತಾವಾಗಿ ವಿಷಯ ಎತ್ತುವುದಿಲ್ಲ. ತಲೆ ತಗ್ಗಿಸಿ ಕೂರುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಹೊರಡುವಾಗ ಹೋಗಿ ಬರುತ್ತೇನೆ ಅನ್ನದೆ ಎದ್ದುಹೋಗುತ್ತಾರೆ. ಬಾಗಿಲು ತೆರೆದ ಗಂಗುಲಪ್ಪನವರಿಗೆ ಜಗಲಿಯ ತುಂಬ ತಗ್ಗಿದ ತಲೆಗಳು ಕಂಡವು. ಬುಡನ್ ಸಾಬರ ಬಾಯಿಂದ ಒಲೆಯ ಗುಟ್ಟು ಹೊರಬಿದ್ದಿದೆ, ಅದರ ಮಹಿಮೆಗೆ ಬೀದಿ ಮೂಕವಾಗಿದೆ ಎಂದುಕೊಂಡು ಅವರು ಎದೆಯುಬ್ಬಿಸಿ ನಡುವೆ ಕುಳಿತರು.

ಹೊಸದಾಗಿ ಊರಿಗೆ ಬಂದಿದ್ದ ಹೆಲ್ತ್ ಇನ್ಸ್‌ಪೆಕ್ಟರ್ ಆಂಜಿನಪ್ಪನವರೂ ಟೋಪಿ ತೆಗೆದು ಕೈಲಿ ಹಿಡಿದುಕೊಂಡು ಬಂದರು. ಪ್ಲೇಗಿನ ಭಯ ಇದ್ದ ಕಾಲ. ಸಾವೆಂದರೆ ವಿಚಾರಿಸುವುದು ಅವರ ಕರ್ತವ್ಯ.

"ಯಾವಾಗ ಆಯ್ತು?" ಎಂದರು ಮೆತ್ತಗೆ.

"ಬೆಳಗಿನ ಜಾವ ಸ್ವಾಮಿ. ಇಷ್ಟು ಸಲೀಸಾಗಿ ಆಗ್ತದೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ."

"ಮನೇಲಿ ಇಲಿ ಏನಾದ್ರೂ ಬಿದ್ದಿತ್ತಾ?"

"ಇಲಿಗೆ ಬೇರೆ ಪೆಟ್ಟಿಗೆ ಮಾಡಿದೀನಿ ಸ್ವಾಮಿ. ಅದು ಅಷ್ಟು ಚೆನ್ನಾಗಿ ಆಗ್ಲಿಲ್ಲ. ಇದು ಮಾತ್ರ ನನ್ನ ಕೈಯಾರೆ ಮಾಡಿದ್ದು, ನೋಡಿ, ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ."

ಇನ್ಸ್‌ಪೆಕ್ಟರ್ ಆಂಜಿನಪ್ಪನವರ ಕೈಯಲ್ಲಿದ್ದ ಟೋಪಿ ಸುತ್ತುವುದು ನಿಂತಿತು. "ನೀವೇ... ಮಾಡಿದ್ದಾ?"

"ಬುಡನ್ ಸಾಬ್ರು ಜೊತೆಗಿದ್ರು. ಬಾಗ್ಲು ಹಾಕ್ಕೊಂಡು ಮಾಡಿದ್ವಿ. ನಮ್ಮತ್ತೆ ಒಪ್ಪಲಿಲ್ಲ, ಬೇಡ ಬೇಡ ಅಂತ ಕೂಗಾಡಿದ್ಲು. ಎತ್ತಿ ಹಿತ್ತಲಿಗೆ ಹಾಕಿ ಕೆಲಸ ಮುಗಿಸಿದ್ವಿ. ಈಗ ನಮ್ಮ ಮನೆಯವಳ ಮುಖ ನೋಡ್ಬೇಕು ಸ್ವಾಮಿ, ಹೆಂಗೆ ಅರಳಿದೆ! ಇದು ಪ್ರತಿಯೊಂದು ಮನೇಲೂ ಆಗ್ಬೇಕು ಅನ್ನೋದು ನನ್ನಾಸೆ. ನಿಮ್ಮ ತಾಯಿಯವರೂ ನಿಮ್ಮ ಜೊತೇಲೇ ಇದಾರಂತಲ್ಲ? ಒಂದು ದಿನ ಹೇಳಿ, ನಾನೇ ಬಂದು..."

ಇನ್ಸ್‌ಪೆಕ್ಟರು ಹೋಗಿ ಬರುತ್ತೇನೆ ಅನ್ನದೆ ಎದ್ದರು. ಟೋಪಿಯನ್ನೂ ಹಾಕಿಕೊಳ್ಳದೆ, ನೇರವಾಗಿ ಪೊಲೀಸ್ ಸ್ಟೇಷನ್ನಿನ ದಿಕ್ಕು ಹಿಡಿದರು. ಸ್ಟೇಷನ್ನಿನವರು ಬೀಗ ಹಾಕಿಕೊಂಡು ಯಾರದೋ ಎಮ್ಮೆ ಕಳುವಿನ ತನಿಖೆಗೆ ಹೋಗಿದ್ದದ್ದು ಗಂಗುಲಪ್ಪನವರ ಪುಣ್ಯ.

ಅಷ್ಟರಲ್ಲಿ ಅಂಜಮ್ಮ ಬೇರೆ ಮನೆಯ ಕೆಂಡ ತಂದು ಬೇಯಿಸಿದ ಮುದ್ದೆ, ಅವರೆಕಾಳು ಸಾರು ಹೊತ್ತುಕೊಂಡು ಹಿತ್ತಲ ಬಾಗಿಲಿನಿಂದ ಬಂದು, ಶಾಮಲಮ್ಮನನ್ನು ಕಂಡ ಕೂಡಲೇ ತಬ್ಬಿಕೊಂಡು ದನಿ ತೆಗೆದು ಅತ್ತರು. "ಎಂಥಾ ಜೀವ ಹೋಯ್ತಮ್ಮಾ! ಬೈದ್ರೂ ಬಾಯ್ತುಂಬ ಬೈತಿದ್ದ ಜೀವ!"

ಕೊಟ್ಟಿಗೆಯಿಂದ ಮುತ್ಯಾಲಮ್ಮನವರು ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದರು. "ಯಾರಿಗೇ ಅಳ್ತಿದೀಯ ಅಂಜೀ?"

"ನಿಮಗೇ!" ಎಂದರು ಅಂಜಮ್ಮ ಅಳುವ ಭರದಲ್ಲಿ. ಆಮೇಲೆ ತಿರುಗಿ ನೋಡಿ, ಸಾರಿನ ಪಾತ್ರೆಯನ್ನು ಶಾಮಲಮ್ಮನ ಕೈಗೆ ಹಾಕಿ, ಗೋಡೆಗೆ ಒರಗಿದರು.

"ನಾನೇನ್ ಮಾಡ್ದೆ?"

"ನೀವು... ಹೋಗ್ಬಿಟ್ರಿ ಅಂತ..."

ವಿಷಯವೆಲ್ಲ ಹೊರಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಮ್ಮ ಸಾವಿನ ಸುದ್ದಿಯನ್ನು ಮುತ್ಯಾಲಮ್ಮನವರು ಸಮಾಧಾನದಿಂದ ಕೇಳಿ, ತಮಗಾಗಿ ಯಾರು ಅತ್ತರು, ಯಾರು ಅಳಲಿಲ್ಲ ಎಂದು ವಿಚಾರಿಸಿ, ಅಂಜಮ್ಮ ತಂದ ಮುದ್ದೆಗೆ ಸಾರು ಬಿಡಿಸಿಕೊಂಡು ಉಣ್ಣಲು ಕುಳಿತರು. ಸಾರಿಗೆ ಉಪ್ಪು ಕಡಿಮೆ ಎಂದೂ ಹೇಳಿದರು. ಜಗಲಿಯ ಹಿರಿಯರು ನಕ್ಕು ನಕ್ಕು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಗಂಗುಲಪ್ಪನವರೂ ಬಲವಂತದ ನಗೆ ನಕ್ಕರು. ಅಂಜಮ್ಮನ ಗಂಡ ಒಬ್ಬರೇ ನಗಲಿಲ್ಲ.

"ಗಂಗುಲಪ್ಪಾ, ಒಂದು ತಪ್ಪಾಗಿದೆ. ಮಾಲೂರಿನವ್ರಿಗೆ ಬಸ್ಸಿನವನ ಕೈಲಿ ಹೇಳಿ ಕಳಿಸ್ಬಿಟ್ಟಿದೀನಿ."

ಬಾಗಿಲ ಹಿಂದೆ ನಿಂತಿದ್ದ ಆದಿಲಕ್ಷ್ಮಿಯ ಕೈಯಿಂದ ಹೂವಿನ ದಂಡೆ ಜಾರಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಬೀದಿ ನಗಲಿ, ಊರು ನಗಲಿ, ಮಗಳ ಮುಖ ಹಾಗಾದದ್ದನ್ನು ಗಂಗುಲಪ್ಪನವರು ನೋಡಲಾರದೆ ಹೋದರು.

"ಮುಂದಿನ ಬಸ್ಸಿಗೆ ಬಂದ್ರೆ ಎಲ್ಲಾ ಬಿಡಿಸಿ ಹೇಳಿದ್ರಾಯ್ತು" ಎಂದರೊಬ್ಬರು.

"ಯಾರು ನಂಬ್ತಾರೆ?" ಎಂದರು ಅಂಜಮ್ಮನ ಗಂಡ. "ಸುಗಟೂರಿನ ಕಡೆ ಒಬ್ಬ ಅಪ್ಪನ ಹೆಣಾನ ಕಣಜದಲ್ಲಿ ಮುಚ್ಚಿಟ್ಟು ಮಗಳ ನಿಶ್ಚಿತಾರ್ಥ ಮುಗಿಸಿದ ಕತೆ ಮುನಿರಾಮಪ್ಪನೇ ಇಟ್ಟಿಗೆ ತರೋಕೆ ಹೋದೋರಿಗೆಲ್ಲ ಹೇಳ್ತಿರ್ತಾನೆ. ಆ ಮನುಷ್ಯ ಮಾತು ನಂಬಲ್ಲ ಗಂಗುಲಪ್ಪಾ, ಹೊಗೆ ನಂಬ್ತಾನೆ. ಗೂಡಿನ ಹತ್ರ ಹೋಗ್ದೇನೆ, ಹೊಗೆ ನೋಡಿ ಇಟ್ಟಿಗೆ ಬೆಂದಿದೆಯೋ ಇಲ್ವೋ ಹೇಳ್ತಾನೆ. ಬಸ್ ಇಳಿದು ನಿಮ್ಮ ಹೆಂಚಿನ ಮೇಲೆ ಹೊಗೆ ಕಂಡ್ರೆ ಒಲೆ ಹಚ್ಚಿದಾರೆ, ಸಾವಿಲ್ಲ ಅಂತ ತಾನಾಗೇ ಬರ್ತಾನೆ."

ಅಂದರೆ ಹೊಗೆ ಬೇಕು. ಯಾವ ಹೊಗೆಯನ್ನು ಓಡಿಸಲು ಗಂಗುಲಪ್ಪನವರು ಇಷ್ಟೆಲ್ಲ ಮಾಡಿದರೋ ಆ ಹೊಗೆಯನ್ನು ಈಗ ಅವರೇ ಕರೆದು ಹೆಂಚಿನ ಮೇಲೆ ಕೂರಿಸಬೇಕು.

ಅವರು ಒಲೆಗೆ ಹಸಿ ಹುಣಸೆ ಕೊಂಬೆ ತುರುಕಿದರು. ಒಲೆ ಹೊಗೆಯನ್ನು ಶಿಸ್ತಾಗಿ ಹಿತ್ತಲಿಗೆ ಕಳಿಸಿತು. ಒದ್ದೆ ಬೆರಣಿ ಹಾಕಿದರು. ಅದೂ ಹಿತ್ತಲಿಗೇ ಹೋಯಿತು. ಒಲೆ ಉರಿಯುವುದನ್ನು ನೋಡಲು ಬಂದಿದ್ದ ಬುಡನ್ ಸಾಬರು ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನೋಡುತ್ತಿದ್ದರು.

"ಏನ್ ಹಾಕಿದ್ರೂ ಒಂದು ಎಳೆ ಹೊಗೆ ಒಳಗೆ ಬರಲ್ಲ ಗಂಗುಲಪ್ಪಾ. ಬುಡನ್ ಕಟ್ಟಿದ್ದು!"

"ಸಾಬ್ರೇ, ಒಂದು ಗೋಣಿಚೀಲ ಕೊಡಿ. ಕೊಳವೆ ಮೇಲಿನ ಬಾಯಿಗೆ ತುರುಕಬೇಕು."

ಬುಡನ್ ಸಾಬರು ಹೌಹಾರಿದರು. "ಅರೆ! ಕೊಳವೆ ಮುಚ್ಚೋನು ಮನುಷ್ಯನೇ ಅಲ್ಲ ಅಂತ ಎರಡು ದಿನ ನನ್ನ ತಲೆ ತಿಂದಿದ್ದು ನೀವೇ ಅಲ್ವಾ?"

"ಇವತ್ತು ನಾನು ಮನುಷ್ಯ ಅಲ್ಲ ಸಾಬ್ರೇ, ಹೆಣ್ಣು ಹೆತ್ತ ಅಪ್ಪ" ಎಂದು ಗಂಗುಲಪ್ಪನವರು ಪಂಚೆ ಎತ್ತಿ ಕಟ್ಟಿ ಹುಣಸೆಮರ ಹತ್ತಿದರು.

ಗೋಣಿಚೀಲ ಕೊಳವೆಯ ಬಾಯಿಗೆ ಬಿತ್ತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಲೆ ತಾನು ಬೆಳಗಿನಿಂದ ತಡೆದಿಟ್ಟುಕೊಂಡಿದ್ದನ್ನೆಲ್ಲ ಒಮ್ಮೆಗೇ ಕಾರಿಕೊಂಡಿತು. ಹೊಗೆ ಅಡಿಗೆಮನೆ ತುಂಬಿತು, ನಡುಮನೆ ತುಂಬಿತು, ಹೆಂಚಿನ ಪ್ರತಿಯೊಂದು ಸಂದಿನಿಂದಲೂ ದಟ್ಟವಾಗಿ, ಹಳದಿಯಾಗಿ, ಸುರುಳಿ ಸುರುಳಿಯಾಗಿ ಎದ್ದಿತು. ಒಳಗಿದ್ದ ಶಾಮಲಮ್ಮ, ಅಂಜಮ್ಮ, ಆದಿಲಕ್ಷ್ಮಿ, ಒಲೆ ನೋಡಲು ಬಂದಿದ್ದ ಹಿರಿಯರು ಎಲ್ಲರೂ ಕಣ್ಣೀರು ಸುರಿಸುತ್ತ, ಕೂದಲು ಕೆದರಿಕೊಂಡು, ಎದೆ ಬಡಿದುಕೊಂಡು ಕೆಮ್ಮುತ್ತ ಬೀದಿಗೆ ಬಂದು ಬಿದ್ದರು.

ಸರಿಯಾಗಿ ಆಗಲೇ ಬೀದಿಯ ತುದಿಯಲ್ಲಿ ಮಾಲೂರಿನವರು ಕಾಣಿಸಿಕೊಂಡರು. ಇದ್ದಿಲು ಬಸ್ಸಿನ ಹಿಂಬದಿಯ ಸೀಟು ಸಿಕ್ಕಿದ್ದರಿಂದ ಮೂವರ ಮುಖವೂ ಕಪ್ಪಾಗಿತ್ತು. ಕೋಲಾರದಲ್ಲೇ ಸುದ್ದಿ ಕೇಳಿ ಮುನಿರಾಮಪ್ಪನವರು ಹಿಂದಿರುಗಲು ಸಿದ್ಧರಾಗಿದ್ದರು. ಭಾನುವಾರ ವಕ್ಕಲೇರಿಗೆ ಹೋಗುವುದೆಂದು ನಿಲ್ದಾಣದ ಕಂಬಕ್ಕೊರಗಿಕೊಂಡೇ ತೀರ್ಮಾನ ಮಾಡಿದ್ದರು. ಸಾವು ಎಂದು ಕೇಳಿದ ಮೇಲೆ ಮುಖ ತಿರುಗಿಸಿಕೊಂಡು ಹೋಗುವುದು ಮನುಷ್ಯರ ಲಕ್ಷಣವಲ್ಲ ಎಂದವರು ಅವರ ಹೆಂಡತಿ ಅನಸೂಯಮ್ಮ. ಅದಕ್ಕೇ ಹಣ್ಣಿನ ಬುಟ್ಟಿಯನ್ನು ಕೋಲಾರದ ಪರಿಚಯದವರ ಮನೆಯಲ್ಲಿ ಬಿಟ್ಟು, ಹೆಣಕ್ಕೆ ಒಂದು ಚೆಂಡುಹೂವಿನ ಹಾರ ಕೊಂಡು ಬಂದಿದ್ದರು. ಹಾರ ಕದಿರೇಶನ ಕೈಯಲ್ಲಿತ್ತು. ಅವನ ಮುಖ ಇದ್ದಿಲಿಗಿಂತ ಕಪ್ಪಾಗಿತ್ತು.

ಮುನಿರಾಮಪ್ಪನವರು ನಿಂತು ಹೆಂಚಿನ ಕಡೆ ತಲೆಯೆತ್ತಿ ನೋಡಿದರು.

"ಅಡಿಗೆ ಹೊಗೆ ಅಲ್ಲ ಇದು" ಎಂದರು. "ಹಸಿ ಸೌದೆ. ಒದ್ದೆ ಬೆರಣಿ. ದಾರಿ ಬೇಕೂಂತ ಮುಚ್ಚವ್ರೆ. ನಮಗೆ ಕಾಣಲಿ ಅಂತಾನೇ ಎಬ್ಬಿಸಿದ ಹೊಗೆ. ಅಲ್ನೋಡು, ಬೀದಿ ತುಂಬ ಅಳ್ತಿದಾರೆ. ಒಳಗೆ ಹೆಣ ಇಟ್ಕೊಂಡು ನಮ್ಮ ಕಣ್ಣಿಗೆ ಹೊಗೆ ಹಾಕ್ತಾವ್ರೆ!"

ಗಂಗುಲಪ್ಪನವರು ಮರದಿಂದ ಇಳಿದು ಓಡಿ ಬಂದರು. ಗಂಟಲಲ್ಲಿ ಹೊಗೆ ತುಂಬಿ ಮಾತು ಹೊರಡಲಿಲ್ಲ. ಕೈಯಿಂದ ಮನೆಯನ್ನು ತೋರಿಸಿದರು, ಆಕಾಶವನ್ನು ತೋರಿಸಿದರು, ಬಿಕ್ಕಿದರು. ಮುನಿರಾಮಪ್ಪನವರಿಗೆ ಇನ್ನೂ ಖಾತ್ರಿಯಾಯಿತು.

"ಹಾರ ಯಾರಿಗಪ್ಪಾ?" ಎಂಬ ಪ್ರಶ್ನೆ ಕೇಳಿಬಂತು. ಕೈ ತೊಳೆದುಕೊಂಡು ಬಂದಿದ್ದ ಮುತ್ಯಾಲಮ್ಮನವರು ಕೋಲೂರಿಕೊಂಡು ಎದುರಿಗೆ ನಿಂತಿದ್ದರು.

"ಮುತ್ಯಾಲಮ್ಮ ಅನ್ನೋರಿಗೆ" ಎಂದ ಕದಿರೇಶ ದುಃಖದಿಂದ.

"ನಾನೇ. ಹಾಕು, ಬಾಡೋಕೆ ಮುಂಚೆ."

ಕದಿರೇಶ ಏನು ಮಾಡುತ್ತಿದ್ದೇನೆಂದು ತಿಳಿಯದೆ ಹಾಕಿದ. ಮುತ್ಯಾಲಮ್ಮನವರು ಹಾರವನ್ನು ಸರಿಪಡಿಸಿಕೊಂಡು, ಹುಡುಗ ಪರವಾಗಿಲ್ಲ ಎಂದು ಶಾಮಲಮ್ಮನಿಗೆ ಹೇಳಿದರು. ಬೀದಿ ನಕ್ಕಿತು. ಮುನಿರಾಮಪ್ಪನವರು ನಗಲಿಲ್ಲ. ಹೆಣದ ಹಾರವನ್ನು ಬದುಕಿರುವವರಿಗೆ ಹಾಕಿಸಿದ ಮನೆ, ಕಳ್ಳ ಹೊಗೆ ಎಬ್ಬಿಸಿದ ಮನೆ. ಇಂಥ ಮನೆಯ ಹೆಣ್ಣು ತಮಗೆ ಬೇಡ ಎಂದು ಗಟ್ಟಿಯಾಗಿಯೇ ಹೇಳಿದರು.

ಗಂಗುಲಪ್ಪನವರಿಗೆ ಕೊನೆಗೂ ದನಿ ಬಂತು. "ಸ್ವಾಮೀ, ತಪ್ಪು ತಿಳ್ಕೋಬೇಡಿ. ನಮ್ಮ ಒಲೇಲಿ ಹೊಗೆ ಬರೋದೇ ಇಲ್ಲ!"

ಅವರ ಬೆನ್ನ ಹಿಂದೆ ಇಡೀ ಮನೆ ಇಟ್ಟಿಗೆ ಗೂಡಿನಂತೆ ಹೊಗೆ ಉಗುಳುತ್ತಿತ್ತು. ಮುನಿರಾಮಪ್ಪನವರು ಬಸ್ಸಿನ ಕಡೆ ತಿರುಗಿದರು.

"ಹೊಗೆ ಬರದ ಒಲೆಯಾ? ನಾನು ನೋಡ್ಬೇಕು" ಎಂದರು ಅನಸೂಯಮ್ಮ. ಗಂಡ ಹೇಳಿದ್ದನ್ನು ಕೇಳದವರಂತೆ ಅವರು ನೇರವಾಗಿ ಮನೆಯ ಕಡೆ ನಡೆದರು.

ಗಂಗುಲಪ್ಪನವರು ಎರಡನೆಯ ಸಲ ಮರ ಹತ್ತಿ ಗೋಣಿಚೀಲ ಕಿತ್ತರು. ಬುಡನ್ ಸಾಬರು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಮೂರು ಹೆಂಚು ಸರಿಸಿದರು. ಒಳಗಿನ ಕೆಟ್ಟ ಗಾಳಿ ಹೋಗುವವರೆಗೂ ಎಲ್ಲರನ್ನೂ ಹೊರಗೇ ನಿಲ್ಲಿಸಿದರು. ಆಮೇಲೆ ಆದಿಲಕ್ಷ್ಮಿ ಒಳಗೆ ಹೋದಳು. ಹೆಣ್ಣು ನೋಡುವ ಶಾಸ್ತ್ರವಂತೂ ಮುಗಿದುಹೋಗಿತ್ತು. ಇನ್ನು ನಾಚಿಕೊಳ್ಳಲು ಏನೂ ಉಳಿದಿರಲಿಲ್ಲ. ಮಸಿಯಾದ ಮುಖದಲ್ಲೇ ಅವಳು ಹಸಿ ಕೊಂಬೆಗಳನ್ನು ಎಳೆದು ಹಾಕಿದಳು, ಬೂದಿ ತೆಗೆದಳು, ತಗಡಿನ ಬಾಗಿಲು ಸರಿಸಿದಳು. ಒಣ ಗರಿ ಹಚ್ಚಿ ಕೊಳವೆಯ ಬಾಯಲ್ಲಿ ಹಿಡಿದು, ಅದು ಎಳೆದುಕೊಳ್ಳುವವರೆಗೂ ಕಾದು, ಪುಳ್ಳೆಯನ್ನು ಅಡ್ಡಡ್ಡ ಜೋಡಿಸಿದಳು. ಅನಸೂಯಮ್ಮ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಹೊಗೆ ಬರುವುದೇ ಬರುವುದೆಂದು ಸೆರಗನ್ನು ಕಣ್ಣಿನ ಬಳಿ ಹಿಡಿದುಕೊಂಡು ನೋಡುತ್ತಿದ್ದರು.

ಉರಿ ಎದ್ದಿತು. ಹೊಗೆ ಬರಲಿಲ್ಲ. ಅನಸೂಯಮ್ಮ ಸೆರಗನ್ನು ನಿಧಾನವಾಗಿ ಕೆಳಗಿಳಿಸಿದರು. ಆಮೇಲೆ, ಯಾರೂ ಏನೂ ಅನ್ನದೆಯೇ, ಅವರ ಕಣ್ಣಿಂದ ನೀರು ಇಳಿಯತೊಡಗಿತು.

ಹೆಂಡತಿಯನ್ನು ಕರೆದೊಯ್ಯಲು ಬಂದ ಮುನಿರಾಮಪ್ಪನವರು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಒಲೆ ನೋಡಿದರು, ಕೊಳವೆ ನೋಡಿದರು, ಹೆಂಚು ನೋಡಿದರು.

"ಹೊಗೆ ಇಲ್ವಲ್ಲೇ. ಮತ್ಯಾಕೆ ಅಳ್ತಿದೀಯ?"

"ಮನೇಲೂ ನಾನು ದಿನಾ ಹೊಗೆಗೇ ಅತ್ತಿದ್ದಲ್ಲ" ಎಂದರು ಅನಸೂಯಮ್ಮ, ತಿರುಗಿ ನೋಡದೆ. "ನೀವು ಹೊಗೆ ಅಂದ್ಕೊಂಡ್ರಿ. ನಾನೂ ಹೌದು ಅಂತಾನೇ ಹೇಳ್ತಾ ಹೋದೆ. ಈ ಹುಡುಗಿ ನಮ್ಮನೆಗೆ ಬರ್ಬೇಕು. ಬರೋಕೆ ಮುಂಚೆ ಇಂಥಾ ಒಲೆ ಆಗ್ಬೇಕು. ಇನ್ಮೇಲೆ ನಮ್ಮನೇಲಿ ಯಾರಾದ್ರೂ ಅತ್ರೆ, ಯಾಕೆ ಅಂತ ಕೇಳೋ ಹಂಗಾಗ್ಲಿ."

ದೂರದಿಂದಲೇ ಹೊಗೆ ನೋಡಿ ಗೂಡಿನೊಳಗಿನದನ್ನು ಹೇಳುತ್ತಿದ್ದ ಮುನಿರಾಮಪ್ಪನವರು ಹತ್ತಿರ ಬಂದು ಬಗ್ಗಿ ಹೆಂಡತಿಯ ಮುಖ ನೋಡಿದರು. ಇಡೀ ಬೀದಿ ಬಾಗಿಲಲ್ಲಿ ಇಣುಕುತ್ತಿತ್ತು. ಆದಿಲಕ್ಷ್ಮಿ ಒಲೆಗೆ ಇನ್ನೊಂದು ಸೀಳು ಸೌದೆ ಇಡುವುದನ್ನೂ ಮರೆತು ಕುಳಿತಿದ್ದಳು. ಮುನಿರಾಮಪ್ಪನವರು ಹೆಗಲ ಮೇಲಿನ ಟವೆಲ್ಲು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಹಿತ್ತಲ ಕಡೆ ತಿರುಗಿದರು.

"ಸಾಬ್ರೇ" ಎಂದು ಕೂಗಿದರು. "ಮಾಲೂರಿಗೆ ಯಾವಾಗ ಬರ್ತೀರಿ?"